ಕಳ್ಳ ಸ್ವಾಮಿಗೆ ಕಾಕಾನ ಭಾಷ್ಯ

ನಮ್ಮ ಕಾಕಾನಷ್ಟು ಸಿನಿಮಾ ಅರ್ಥ ಮಾಡಿಕೊಂಡವರು ಇಡೀ ಆಳಂದ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಸಿನಿಮಾ ತೆಗೆದವರಿಗೇ ಅಷ್ಟು ಅರ್ಥವಾಗಿರಲಿಲ್ಲ ಎಂದರೆ ನೀವು ನಂಬಬೇಕು! ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಗುವಾಗ ಕಾಕಾ ಒಬ್ಬರೇ ಕೈ ಮುಗಿದು ಕೂತಿರುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಆಗಿನ ಸಿನಿಮಾಗಳಲ್ಲಿ ನಗಿಸಲೆಂದೇ ಒಬ್ಬ ಕಳ್ಳ ಸ್ವಾಮಿ ಬರುತ್ತಿದ್ದ. ಕಾಕಾನ ಪಾಲಿಗೆ ಅವನು ಕಳ್ಳನಲ್ಲ, ಗುಟ್ಟಾಗಿ ಮಾತಾಡುವ ಮಹಾಜ್ಞಾನಿ. ಪರದೆಯ ಮೇಲೆ ಕಾವಿ ಕಂಡ ಕೂಡಲೇ ಅವರು ಚಪ್ಪಲಿ ಕಳಚಿಬಿಡುತ್ತಿದ್ದರು. ಒಂದು ಭಾನುವಾರ ಆಳಂದದಲ್ಲಿ ಮ್ಯಾಟಿನಿ ಮುಗಿದಾಗ ನೋಡಿದರೆ ಚಪ್ಪಲಿ ನಾಪತ್ತೆ! ಕಾದ ರಸ್ತೆಯ ಮೇಲೆ ಕುಣಿಯುತ್ತ ಬಸ್ ಸ್ಟ್ಯಾಂಡಿಗೆ ಬಂದವರು, “ಹೋಗ್ಲಿ ಬಿಡು, ಸ್ವಾಮಿಗೆ ಕಾಣಿಕಿ ಆತು” ಎಂದರು.

ಜೊತೆಗಿದ್ದ ಕಾಕಾನ ಹೆಂಡತಿ ಕಾಕು ಬಿಡುವವಳೇ? “ಪರದೆ ಮ್ಯಾಲಿನ ಕಳ್ಳಗ ನೀವು ಕೈ ಮುಗಿಯೂದ್ರಾಗ, ಕೆಳಗಿನ ಕಳ್ಳ ತನ್ನ ಕೆಲಸ ಮಾಡ್ಕೊಂಡು ಹೋಗ್ಯಾನ!”

ಅಂದಿನ ಸಿನಿಮಾದಲ್ಲಿ ಶಿಷ್ಯನೊಬ್ಬ ಮೋಕ್ಷದ ದಾರಿ ಕೇಳಿದ್ದ. ಬಾಯಿ ತುಂಬ ಉಪ್ಪಿಟ್ಟು ತುಂಬಿಕೊಂಡಿದ್ದ ಸ್ವಾಮಿ, “ಮೊದಲು ಕಿಟಕಿ ಮುಚ್ಚು, ಸೊಳ್ಳೆ ಬರ್ತಾವೆ” ಎಂದಿದ್ದ. ನಮ್ಮೂರು ಮಾದನಹಿಪ್ಪರಗಾದ ಬಸ್ಸು ಆಳಂದ ದಾಟುವುದರೊಳಗೆ ಕಾಕಾನ ಭಾಷ್ಯ ಶುರುವಾಯಿತು.

“ನಗೂದೇನ್ ಅದ ಅದ್ರಾಗ? ಕಿಟಕಿ ಅಂದ್ರ ಪಂಚೇಂದ್ರಿಯ. ಸೊಳ್ಳಿ ಅಂದ್ರ ಆಸೆ. ಎಂಥಾ ಮಾತು ಹೇಳ್ಯಾನ ನೋಡ್ರಿ!”

ಬಸ್ಸಿನಲ್ಲಿದ್ದವರೆಲ್ಲ ತಲೆದೂಗಿದರು. ಒಬ್ಬ ಮುದುಕ ಎದ್ದು ಬಂದು ಕಾಕಾನ ಬರಿಗಾಲು ಮುಟ್ಟಿ ನಮಸ್ಕರಿಸಿದ. ಆಗ ಹೆಂಗಸರ ಸೀಟಿನಿಂದ ಕಾಕುವಿನ ದನಿ ಬಂತು. “ಸೆಕಿ ಆಗ್ತದ, ಕಿಟಕಿ ತೆಗಿ ಅಂತ ದಿನಾ ಒದರತಾವಲ್ಲ, ಆ ಪಂಚೇಂದ್ರಿಯ ಯಾರವು?” ಕಂಡಕ್ಟರ್ ನಕ್ಕು ನಕ್ಕು ಟಿಕೆಟ್ ಹರಿಯುವುದನ್ನೇ ಮರೆತ.

ಹಾಗಾದರೆ ನಿಜವಾದ ಪ್ರವಚನ ಎಂದರೆ ಕಾಕಾನಿಗೆ ಪ್ರಾಣವಿರಬೇಕಲ್ಲ? ಛೆ! ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋದಾಗ ಅಲ್ಲೊಬ್ಬರು ಸ್ವಾಮಿಗಳ ಪ್ರವಚನ ನಡೆದಿತ್ತು. ಕಾಕಾ ಕಂಬಕ್ಕೊರಗಿ ಗೊರಕೆ ಹೊಡೆದರು. ಎಬ್ಬಿಸಿದರೆ, “ಇವರು ಎಲ್ಲಾ ಸೀದಾ ಹೇಳಿಬಿಡ್ತಾರಲೇ. ನಮಗ ಅರ್ಥ ಮಾಡ್ಕೊಳ್ಳಾಕ ಏನೂ ಉಳಸಂಗಿಲ್ಲ!” ಎಂದು ನನ್ನ ಮೇಲೇ ಸಿಡುಕಿದರು.

ಊರು ಅವರ ಭಾಷ್ಯವನ್ನು ಒಪ್ಪಿತ್ತು. ನರೋಣಾದ ಬೀಗರೂ ಒಪ್ಪಿದ್ದರು. ಒಪ್ಪದವಳು ಕಾಕು ಒಬ್ಬಳೇ. ಜೀವಮಾನದಲ್ಲಿ ಒಂದೇ ಒಂದು ಸಲ ಆಕೆಯ ಬಾಯಿಂದ “ಹೌದ್ರಿ” ಎನ್ನಿಸಬೇಕೆಂಬುದೇ ಕಾಕಾನ ಆಸೆ. ಆಕೆ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ಸೊಳ್ಳೆಯ ಅರ್ಥವನ್ನು ಮೊದಲಿನಿಂದ ಬಿಡಿಸುವರು. ಆಕೆ ಬಡಿಯುವ ಸಪ್ಪಳ ಜೋರು ಮಾಡುವಳು. ಕಲಬುರ್ಗಿಯಲ್ಲಿ ಕಾಲೇಜು ಓದುತ್ತಿದ್ದ ನಾನು ರಜೆ ಬಂದರೆ ಆ ಜಗಳ ಕೇಳಲೆಂದೇ ಓಡಿ ಬರುತ್ತಿದ್ದೆ. ಇವತ್ತಿಗೂ ನಗಬೇಕು ಅನಿಸಿದಾಗ ಆ ಒಲೆಯ ಮುಂದೆ ಹೋಗಿ ಕೂಡುವ ಆಸೆಯಾಗುತ್ತದೆ. ಎಲ್ಲಿಗೆ ಹೋಗಲಿ, ಹೇಳಿ?

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಕಾಕು ಹಾಸಿಗೆ ಹಿಡಿದಳು. ನಾನು ನೋಡಲು ಹೋದಾಗ ಕಾಕಾ ಆಕೆಯ ಪಕ್ಕದಲ್ಲಿ ಕೂತು, ಗಂಜಿ ಕುಡಿಸುತ್ತ, ಅದೇ ಕಿಟಕಿ ಮತ್ತು ಸೊಳ್ಳೆಯ ಅರ್ಥ ಹೇಳುತ್ತಿದ್ದರು. ನಾನು ಪಡಸಾಲೆಯಲ್ಲೇ ಕೂತೆ. ಕಾಕುವಿನ ಉತ್ತರಕ್ಕಾಗಿ ಕಾಯುತ್ತ ಆಗಲೇ ನಗು ತಡೆದುಕೊಂಡಿದ್ದೆ.

“ಹೌದ್ರಿ,” ಎಂದಳು ಕಾಕು, ಸಣ್ಣ ದನಿಯಲ್ಲಿ. “ನೀವು ಹೇಳೂದು ಖರೇ ಇರಬಹುದು.”

ಕಾಕಾ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದರು. ಅವರ ಮುಖ ಬಿಳುಚಿಕೊಂಡಿತ್ತು.

“ಒಪ್ಪಿದಳಲೇ” ಎಂದರು.

“ಛಲೋ ಆತಲ್ರಿ ಕಾಕಾ! ಕಡೀಗೂ ಗೆದ್ರಿ!”

“ಛಲೋ ಏನ್ ಬಂತಲೇ ಹುಚ್ಚಾ! ಆಕಿ ಎಂದಾರ ಒಪ್ಪಾಕಿ ಏನು?”

ಬಟ್ಟಲನ್ನು ನನ್ನ ಕೈಗಿಟ್ಟು ಅವರು ಮತ್ತೆ ಒಳಗೆ ಓಡಿದರು. ಅವರು ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು.

“ನಾ ಹೇಳಿದ್ದೆಲ್ಲಾ ಸುಳ್ಳು ಬೇ. ಅಂವ ಕಳ್ಳ ಸ್ವಾಮಿನೇ ಅದಾನ. ಏಳು, ಬೈ ನನಗ. ಒಮ್ಮಿ ಬೈ ಬೇ…”