ಅಮೆರಿಕಕ್ಕೆ ಬಾರದ ಆಟದ ಕ್ಯಾಸೆಟ್

ನಮ್ಮನೆಯವರಿಗೆ ಸಿಗರೇಟಿಲ್ಲ, ಇಸ್ಪೀಟಿಲ್ಲ. ಇರುವುದು ವಿಡಿಯೋ ಗೇಮ್ ಹುಚ್ಚೊಂದೇ. ಅದೂ ಜಪಾನಿನಲ್ಲಿ ಮಾತ್ರ ಬಿಡುಗಡೆಯಾಗಿ, ಅಮೆರಿಕದ ಅಂಗಡಿಗೆ ಬಾರದೇ ಹೋದ ಹಳೇ ಆಟಗಳೇ ಆಗಬೇಕು. ಇಂಥವರನ್ನು ಕಟ್ಟಿಕೊಂಡರೆ ಎದೆ ಢವಢವ ಅನ್ನದ ವಾರವೇ ಇರುವುದಿಲ್ಲ. ೨೦೦೦ನೇ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆಯ ಕಾಲ, ಅಮೆರಿಕದ ಹೋಬೋಕನ್‌ನಲ್ಲಿದ್ದೆವು.

೧. ಕಸ್ಟಮ್ಸ್

ಇವರು ಆಫೀಸ್ ಕೆಲಸಕ್ಕೆ ಟೋಕಿಯೋಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ವಾಪಸು ಬಂದಿಳಿದಾಗ ಅಮೆರಿಕದ ಏರ್‌ಪೋರ್ಟಿನಲ್ಲಿ ಆಫೀಸರ್ ಒಬ್ಬ, ಇವರು ಅಲ್ಲಿ ಕೊಂಡಿದ್ದ ಆಟದ ಕ್ಯಾಸೆಟ್ಟನ್ನು ಬ್ಯಾಗಿನಿಂದ ಹೊರಗೆ ತೆಗೆದ.

"ಇದರ ಮೇಲೆ ಏನು ಬರೆದಿದೆ?"

"ಗೊತ್ತಿಲ್ಲ ಸರ್."

"ಓದೋಕೆ ಬರಲ್ಲ, ಆದರೂ ತಂದಿದ್ದೀರಾ?"

ನಮ್ಮನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ಇವರು ಪಾಸ್‌ಪೋರ್ಟ್ ಹಿಡಿದು ಬೆವರುತ್ತಿದ್ದರು. ದೊಡ್ಡ ಆಫೀಸರ್ ಬಂದು, ಕ್ಯಾಸೆಟ್ ತಿರುಗಿಸಿ ನೋಡಿ, ಮೆಲ್ಲಗೆ ಬಾಗಿಲು ಹಾಕಿದ. ಅವನು ದನಿ ತಗ್ಗಿಸಿ ಹೇಳಿದ: "ಇದು ಇಲ್ಲಿ ರಿಲೀಸೇ ಆಗಲಿಲ್ಲ. ಎಷ್ಟು ವರ್ಷದಿಂದ ಹುಡುಕ್ತಿದ್ದೀನಿ! ಯಾವ ಅಂಗಡಿ? ಸ್ವಲ್ಪ ಮ್ಯಾಪ್ ಬರೆದುಕೊಡಿ."

೨. ಆಪರೇಷನ್

ಮನೆಗೆ ಬಂದು ನೋಡಿದರೆ ಕ್ಯಾಸೆಟ್ ಆಟದ ಮಷೀನಿನೊಳಗೆ ಇಳಿಯಲೇ ಇಲ್ಲ. ಜಪಾನಿನದು ಹಾಕಬಾರದೆಂದೇ ಒಳಗೆ ಎರಡು ಪ್ಲಾಸ್ಟಿಕ್ ಹಲ್ಲು ಇಟ್ಟಿದ್ದರು. ಅವನ್ನು ಕೀಳಬೇಕು. ಕೈ ತಪ್ಪಿದರೆ ಮಷೀನೇ ಹೋಯಿತು. ಅದೋ, ಇವರ ಆಫೀಸಿನ ಮ್ಯಾನೇಜರ್ ಮನೆಯಿಂದ ಕೇಳಿ ತಂದದ್ದು!

ಮೇಲಿನ ಮನೆಯಲ್ಲಿದ್ದ ಹುಬ್ಬಳ್ಳಿಯ ಸರ್ಜನ್‌ರನ್ನು ಕರೆದೆವು. ಅವರು ಕೈ ತೊಳೆದುಕೊಂಡು ಇಕ್ಕಳ ಹಿಡಿದರು. "ಬ್ಯಾಟರಿ ಹಿಡೀರಿ ತಂಗಿ. ಅಲುಗಾಡಬ್ಯಾಡ್ರಿ."

ಪಟ್ ಅಂತ ಒಂದು ಹಲ್ಲು ಬಂತು. ಇವರು ನೋಡಲಾರದೆ ಗೋಡೆಗೆ ಮುಖ ಮಾಡಿ ನಿಂತರು. ಎರಡನೆಯದೂ ಪಟ್ ಅಂತು. ಡಾಕ್ಟರು ಇವರ ಹೆಗಲ ಮೇಲೆ ಕೈಯಿಟ್ಟು ಗಂಭೀರವಾಗಿ ಹೇಳಿದರು: "ಪೇಶಂಟ್ ಆರಾಮ್ ಅದಾರ್ರೀ. ನೀವು ಒಂದ್ ಸ್ವಲ್ಪ ಕುಂದರ್ರಿ, ನಿಮ್ಮ ಬಿ.ಪಿ. ನೋಡೂಣು."

೩. ಅಳುವ ರಾಜ

ಆಟವೇನೋ ಶುರುವಾಯಿತು, ಆದರೆ ಎಲ್ಲಾ ಜಪಾನೀ ಭಾಷೆ. ಮುದಿ ರಾಜನೊಬ್ಬ ಬಂದು ಏನೋ ಹೇಳುತ್ತಾನೆ. ಆಮೇಲೆ ಒಂದರ ಕೆಳಗೊಂದು ಎರಡು ಪದ ಮೂಡುತ್ತವೆ. ಇವರು ಕೆಳಗಿನದನ್ನು ಒತ್ತುತ್ತಾರೆ, ರಾಜ ಅಳುತ್ತಾನೆ. "ಆನಂದಬಾಷ್ಪ ಕಣೇ" ಅನ್ನುತ್ತಿದ್ದರು ಇವರು. ಮೂರು ವಾರವಾದರೂ ಅರಮನೆಯಿಂದ ಹೊರಗೆ ಬರಲಾಗಲಿಲ್ಲ.

ಅಷ್ಟರಲ್ಲಿ ಇವರ ಆಫೀಸಿಗೆ ಕೆಲಸ ಕೊಟ್ಟಿದ್ದ ಕ್ಲಯಂಟ್ ಟೋಕಿಯೋದಿಂದ ಬಂದರು. ಪ್ರಾಜೆಕ್ಟ್ ಮುಂದುವರಿಸಬೇಕೋ ಬೇಡವೋ ಎಂದು ಅವರು ಮರುದಿನ ಹೇಳುವವರಿದ್ದರು. ನಮ್ಮ ವೀಸಾ ಅದರ ಮೇಲೇ ನಿಂತಿತ್ತು. ಊಟಕ್ಕೆ ಕರೆದೆವು. ಪುಣ್ಯಾತ್ಮ ನಗಲಿಲ್ಲ, ಮಾತಾಡಲಿಲ್ಲ, ಸುಮ್ಮನೆ ಅಕ್ಕಿರೊಟ್ಟಿ ತಿಂದರು. ಆ ಮೌನ ತಡೆಯಲಾರದೆ ಇವರು ಆಟ ಹಾಕಿ ತೋರಿಸಿದರು. ರಾಜ ಬಂದ. ಇವರು ಒತ್ತಿದರು. ರಾಜ ಅತ್ತ.

ಕ್ಲಯಂಟ್ ತಟ್ಟೆ ಕೆಳಗಿಟ್ಟು ಹುಬ್ಬು ಗಂಟಿಕ್ಕಿದರು. "ಯಾಕೆ ಹೀಗೆ ಮಾಡಿದಿರಿ?"

"ಏನು ಸರ್?"

"'ನನ್ನ ಮಗಳನ್ನು ರಾಕ್ಷಸ ಹೊತ್ತೊಯ್ದಿದ್ದಾನೆ, ಕಾಪಾಡ್ತೀಯಾ?' ಅಂತ ಕೇಳ್ತಿದ್ದಾನೆ ಪಾಪ. ನೀವು 'ಆಗಲ್ಲ' ಅಂದಿರಿ."

ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ತುಂಬತೊಡಗಿದೆ.

ಮರುದಿನ ಮೀಟಿಂಗಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಮ್ಯಾನೇಜರ್ ಇವರತ್ತ ತಿರುಗಿ, "ಉಳಿದ ಕೆಲಸ ನೀನು ಮುಗಿಸಿಕೊಡ್ತೀಯಾ?" ಅಂತ ಕೇಳಿದರಂತೆ. ಇವರು ಬಾಯಿ ತೆರೆಯುವಷ್ಟರಲ್ಲಿ ಕ್ಲಯಂಟ್ ಗಾಬರಿಯಿಂದ ಕೈ ಎತ್ತಿದರಂತೆ:

"ನಿಲ್ಲಿ, ನಿಲ್ಲಿ! ಮೇಲಿನದು 'ಹೌದು'!"