ಐದು ಎಚ್‌ಪಿ ಕಾರ್ಡು, ಅರ್ಧ ಇಂಚಿನ ಪರದೆ

ಆಯುಧಪೂಜೆಯ ಮರುದಿನ ಬೆಳಿಗ್ಗೆ ಪಂಪೇಶನ ಕಂಪ್ಯೂಟರು ಕುಂಟತೊಡಗಿತು. ಹಿಂದಿನ ದಿನವಷ್ಟೇ ಅವನ ತಾಯಿ ಕರೆಮ್ಮ ಅದನ್ನು ಹಿಂದೆ ಮುಂದೆ ಒರೆಸಿ, ಮೈತುಂಬ ವಿಭೂತಿ ಬಳಿದು, ಚೆಂಡುಹೂವು ಮುಡಿಸಿ ಆರತಿ ಎತ್ತಿದ್ದಳು. ಮನೆಯ ಅಳಿಯನಿಗೂ ಸಿಗದಷ್ಟು ಮರ್ಯಾದೆ ಪಡೆದ ಯಂತ್ರ ಮರುದಿನವೇ ಹೀಗೆ ಕೈಕೊಡಬಾರದಿತ್ತು. ಆಟದೊಳಗಿನ ರೇಸ್ ಕಾರು, ಅದಿರು ತುಂಬಿದ ಲಾರಿ ಸಂಡೂರಿನ ಘಾಟಿ ಹತ್ತುವಂತೆ ಏದುಸಿರು ಬಿಡುತ್ತಿತ್ತು.

ಬೇರೆ ದಿನವಾಗಿದ್ದರೆ ಪಂಪೇಶ ಒಂದು ಚಹಾ ಕುಡಿದು ಸುಮ್ಮನಾಗುತ್ತಿದ್ದ. ಆದರೆ ಅಂದು ಸಂಜೆ ಆರಕ್ಕೆ ಪಂದ್ಯವಿತ್ತು. ಅವನೂ ಅಂಜಿನೇಯನೂ ಸಂಡೂರಿನ ಗಣಿಯೊಂದರಲ್ಲಿ ಲಾರಿ ತೂಗುವ ಗುಮಾಸ್ತರು. ದೀಪಾವಳಿಯ ದಿನ ಇಬ್ಬರಲ್ಲಿ ಒಬ್ಬರು ಡ್ಯೂಟಿಗೆ ಕೂರಲೇಬೇಕು. ಅದನ್ನು ಆನ್‌ಲೈನ್ ರೇಸಿನಲ್ಲೇ ತೀರ್ಮಾನಿಸೋಣ, ಸೋತವನು ಕೂರಲಿ ಎಂದು ಮೀಸೆ ತಿರುವಿದವನು ಪಂಪೇಶನೇ. ಅವನಿಗೆ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಕಂಪ್ಲಿಯಲ್ಲಿ ಅತ್ತೆ ಅಳಿಯನ ಎಣ್ಣೆಸ್ನಾನಕ್ಕೆಂದು ಆಗಲೇ ಹಂಡೆ ಬೆಳಗಿಟ್ಟಿದ್ದರು.

"ನೀವು ಸೋತ್ರೆ ನಾನೊಬ್ಳೇ ಹೋಗ್ತೀನಿ ನೋಡ್ರಿ," ಎಂದಳು ಹೆಂಡತಿ ಭವ್ಯ. "ಅಳಿಯ ಎಲ್ಲಿ ಅಂತ ಅಪ್ಪ ಕೇಳಿದ್ರೆ, ಸಣ್ಣ ಹುಡುಗರಂಗ ಕಾರ್ ಓಡ್ಸಿ ಸೋತು ಕುಂತಾನ ಅಂತ ಊರಿಗೆಲ್ಲಾ ಕೇಳೋಹಂಗ ಹೇಳ್ತೀನಿ."

ಪಂಪೇಶನ ಧೈರ್ಯಕ್ಕೆ ಕಾರಣ, ಆಟದ ಚಿತ್ರವನ್ನು ಪರದೆಯ ಮೇಲೆ ಓಡಿಸುವ ಅವನ ಗ್ರಾಫಿಕ್ಸ್ ಕಾರ್ಡು. ಮೂರು ಫ್ಯಾನಿನ, ಇಟ್ಟಿಗೆಯಷ್ಟು ದಪ್ಪದ ಕಾರ್ಡು. ಅದನ್ನು ಕೊಳ್ಳುವಷ್ಟರಲ್ಲಿ ಜೇಬು ಬರಿದಾಗಿ, ಪರದೆ ಮಾತ್ರ ಹಳೆಯದೇ ಉಳಿದಿತ್ತು, ಹೆಚ್ಚುಕಡಿಮೆ ಲಟ್ಟಣಿಗೆ ಮಣೆಯಷ್ಟು.

ಕಾರು ಕುಂಟುವ ಸುದ್ದಿ ಕೇಳಿ ಪಕ್ಕದ ಮನೆಯ ಗಾದಿಲಿಂಗಪ್ಪ ಕರೆಯದೆಯೇ ಬಂದ. ಬೋರ್‌ವೆಲ್ ಮೋಟಾರು ರಿಪೇರಿಯಲ್ಲಿ ನಲವತ್ತು ವರ್ಷ ಸವೆಸಿದವನು. ಕಾರ್ಡು ನೋಡಿದ, ಪರದೆ ನೋಡಿದ, ಪಂಪೇಶನನ್ನು ಮರುಕದಿಂದ ನೋಡಿದ.

"ಲೇ ಪಂಪೇಶ, ಅರ್ಧ ಇಂಚಿನ ಪೈಪಿಗೆ ಐದು ಎಚ್‌ಪಿ ಮೋಟಾರ್ ಕುಂದ್ರಿಸಿಯಲ್ಲೋ! ನೀರು ಮುಂದಕ್ಕ ಹೋಗಾಕ ಜಾಗಿಲ್ಲ, ಹಿಂದಕ್ಕ ಒದಿತೈತಿ. ಪೈಪಿಗೆ ತಕ್ಕ ಮೋಟಾರ್ ಹಾಕು."

"ಇಷ್ಟು ದಿನ ಮಸ್ತ್ ಓಡಿತ್ತಲ್ಲ ಮಾವ?"

"ಮೋಟಾರೂ ಹಂಗಽ. ಸುಡೋ ಹಿಂದಿನ ದಿನದತನ ಮಸ್ತ್ ಓಡ್ತೈತಿ."

ಇಬ್ಬರೂ ಕಂಪ್ಯೂಟರನ್ನು ಪೇಟೆಗೆ ಒಯ್ಯಲು ಹೊರಟರು. ವೈರು ಕೀಳುವ ಮುನ್ನ ಗಾದಿಲಿಂಗಪ್ಪ ತನ್ನ ವೃತ್ತಿಯ ಪಾಠ ಹೇಳಿದ: "ಯಾವ ವೈರು ಎಲ್ಲಿತ್ತು ಅಂತ ಗುರುತು ಮಾಡು. ಆಮ್ಯಾಲೆ ಬಾಯಿ ಬಾಯಿ ಬಿಡಬ್ಯಾಡ." ಪೆನ್ನು ಸಿಗಲಿಲ್ಲ. ಪಂಪೇಶ ಪೂಜೆಯ ತಟ್ಟೆಯಿಂದ ಕುಂಕುಮ ತಂದು ಪ್ರತಿ ವೈರಿನ ತೂತಿನ ಪಕ್ಕ ಒಂದೊಂದು ಬೊಟ್ಟಿಟ್ಟ. ಜೀವನದಲ್ಲಿ ಅವನು ಅಷ್ಟು ಶಿಸ್ತಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಕಂಪ್ಯೂಟರ್ ಅಂಗಡಿಯ ಮಾರೆಪ್ಪ ಬಾಗಿಲಿನ ಬಾಳೆಕಂಬದ ಕೆಳಗೇ ಕುಳಿತಿದ್ದ.

"ಒಮ್ಮೆ ಚೆಕ್ ಮಾಡೋಣೇನ್ರಿ?"

"ನಾಡಿ ಹಿಡಿದು ನೋಡಿದ್ದಾಗೈತಿ," ಎಂದ ಗಾದಿಲಿಂಗಪ್ಪ. "ಪರದಿಗಿಂತ ಕಾರ್ಡು ದೊಡ್ಡದಾಗೈತಿ. ಪರದಿಗೆ ಹೊಂದೋದು ಕೊಡು."

"ಅದೇನೋ ಖರೇ. ಸಣ್ಣ ಪರದಿಗೆ ಸಣ್ಣ ಕಾರ್ಡು ಸಾಕು. ಇದು ಭಾಳ ದೊಡ್ಡ ಪರದಿಗೆ ಮಾಡಿದ್ದು," ಎಂದ ಮಾರೆಪ್ಪ. ಮೂರು ಫ್ಯಾನಿನದನ್ನು ತೆಗೆದುಕೊಂಡು, ಒಂದೇ ಫ್ಯಾನಿನ ಸಣ್ಣ ಕಾರ್ಡನ್ನೂ ಒಂದು ಹೆಡ್‌ಫೋನನ್ನೂ ಕೊಟ್ಟ. ಅಂಗಡಿಯ ಪರದೆಗೆ ಜೋಡಿಸಿ ತೋರಿಸಿದ. ಕಾರು ಬಾಣದ ಹಾಗೆ ಹಾರಿತು.

"ನೋಡಿದ್ಯಾ?" ಎಂದು ಗಾದಿಲಿಂಗಪ್ಪ ಎದೆಯುಬ್ಬಿಸಿದ.

ಮಾರೆಪ್ಪ ನಾಲ್ಕೆಲೆ ಬನ್ನಿಯನ್ನೂ ಕೈಗಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರ್ರಿ," ಎಂದ. ಬಂಗಾರ ಕೊಟ್ಟು ಎಲೆ ತಂದೆನೇನೋ ಎಂದು ಪಂಪೇಶನಿಗೆ ಒಮ್ಮೆ ಅನಿಸಿತು. ಹಂಡೆಯ ಬಿಸಿನೀರು ನೆನಪಾಗಿ ಮನೆಯ ದಾರಿ ಹಿಡಿದ.

ಮನೆಗೆ ಬಂದವನೇ ಕುಂಕುಮದ ಬೊಟ್ಟು ನೋಡಿ ನೋಡಿ ಒಂದೊಂದೇ ವೈರನ್ನು ಸಿಗಿಸಿದ. ಅಷ್ಟರಲ್ಲಿ ಆರು ಗಂಟೆ. ಕರೆಮ್ಮ, ಭವ್ಯ, ಗಾದಿಲಿಂಗಪ್ಪ ಮೂವರೂ ಹಿಂದೆ ಸಾಲಾಗಿ ಕುಳಿತರು. ರೇಸು ಶುರುವಾಯಿತು.

ಪಂಪೇಶನ ಕಾರು ಮತ್ತೆ ಅದೇ ಅದಿರು ಲಾರಿ. ಅವನು ಮೊದಲ ತಿರುವು ಮುಟ್ಟುವುದರೊಳಗೆ ಅಂಜಿನೇಯ ಮೂರು ಸುತ್ತು ಮುಗಿಸಿದ್ದ. ಗಾದಿಲಿಂಗಪ್ಪನಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದು ಹೋದ. ಪಂಪೇಶನಿಗೆ ಅಳುವೇ ಬಂದಿತು.

ಕೂಡಲೇ ಅಂಜಿನೇಯನ ಫೋನು. ಸೋತವನಿಗೆ ಸಮಾಧಾನ ಹೇಳುತ್ತಾನೆಂದುಕೊಂಡು ಪಂಪೇಶ ಸ್ಪೀಕರ್ ಒತ್ತಿದ.

"ಲೇ ಪಂಪೇಶ, ಬ್ಯಾಸರ ಮಾಡ್ಕೋಬ್ಯಾಡಪ್ಪ. ನನ್ ಕಾರ್ಡಿನ ಕೈಗುಣ. ಮಧ್ಯಾಹ್ನ ನಮ್ಮ ಕಡ್ಡಿರಾಂಪುರದಿಂದ ಸುಮ್ನ ಪೇಟಿಗೆ ಬಂದಿದ್ದೆ, ಮಾರೆಪ್ಪನ ಅಂಗಡ್ಯಾಗ ಮೂರು ಫ್ಯಾನಿಂದು ಸಿಕ್ತು. ಯಾರೋ ಪುಣ್ಯಾತ್ಮ ಆಗಷ್ಟೇ ಬಿಟ್ಟು ಹೋಗಿದ್ನಂತ. ವೈರ್ ಹಾಕೋ ತೂತಿನ ಸುತ್ತ ಮೂರು ಗೀರು ವಿಭೂತಿ ಬ್ಯಾರೆ! ಒಳ್ಳೇ ಶಕುನ ಅಂತ ನಾನು ಒರೆಸ್ಲೇ ಇಲ್ಲ."

ಹಿಂದಿನಿಂದ ಕರೆಮ್ಮ ಹಿಗ್ಗಿನಿಂದ ಕೂಗಿದಳು: "ಅಯ್ಯ, ಅದು ನಾನಽ ಹಚ್ಚಿದ್ದು! ನಿನ್ನೆ ವೈರ್ ಕಿತ್ತು ಒರೆಸಿ ವಿಭೂತಿ ಎಳೆದೆ. ಅದ್ರ ಮ್ಯಾಲೆ ಮತ್ತ ವೈರ್ ತುರುಕಿದ್ರ ಅಳಿಸಿಹೋಗಲ್ಲೇನು? ಮ್ಯಾಲೊಂದು ಅಂಥಾದ್ದೇ ಖಾಲಿ ತೂತಿತ್ತು, ಅದ್ರಾಗ ಸಿಗಿಸಿದೆ. ಚೊಲೋ ಕುಂತ್ಕೊಂತು."

ಪಂಪೇಶ ಕಂಪ್ಯೂಟರಿನ ಹಿಂದೆ ಬಗ್ಗಿದ. ಮೇಲಿನ ತೂತಿನ ಪಕ್ಕ ಅವನೇ ಇಟ್ಟ ಕುಂಕುಮದ ಬೊಟ್ಟು ಕೆಂಪಗೆ ನಗುತ್ತಿತ್ತು. ಅದು ಕಾರ್ಡಿಲ್ಲದ ಬಡವರಿಗೆಂದು ಕಂಪ್ಯೂಟರಿನಲ್ಲೇ ಇಟ್ಟ ತೂತು; ಪರದೆಯ ವೈರು ಕಾರ್ಡನ್ನು ನಿನ್ನೆಯಿಂದ ಮುಟ್ಟಿಯೇ ಇರಲಿಲ್ಲ. ಅದನ್ನು ಕಿತ್ತು ಕೆಳಗಿನ ಕಾರ್ಡಿಗೆ ಸಿಗಿಸಿದ. ಕಾರು ಹಾರಿತು. ಎದುರಾಳಿಯೇ ಇಲ್ಲದ ದಾರಿಯಲ್ಲಿ ಒಂದೇ ಸಮನೆ ಹಾರಿತು.

ಭವ್ಯ ಆಗಲೇ ಕಂಪ್ಲಿಗೆ ಫೋನು ಹಚ್ಚಿದ್ದಳು. "ಅಪ್ಪಾ, ಹಂಡೇಕ ಒಬ್ರಿಗೆ ಸಾಲೋವಷ್ಟು ನೀರು ಹಾಕ್ರಿ ಸಾಕು."

ತಲೆಯ ಮೇಲೆ ಕೈಹೊತ್ತು ಕುಳಿತ ಮಗನ ಬೆನ್ನು ಸವರಿದಳು ಕರೆಮ್ಮ.

"ಅಳಬ್ಯಾಡೋ ನನ್ನಪ್ಪ. ಹಬ್ಬದ ದಿನ ನೀನೊಬ್ನೇ ಯಾಕ ಕುಂದ್ರಬೇಕು? ನಾನೂ ಬರ್ತೀನಿ. ಆ ಲಾರಿ ತೂಗೋ ಕಂಪ್ಯೂಟ್ರಿಗೂ ಪಾಪ ಯಾರು ಪೂಜಿ ಮಾಡ್ಯಾರು?"