ಬಿಸಿಲಿನಲ್ಲಿ ಸ್ಕ್ರೀನು ನೋಡುವ ಮಾವ

ನಮ್ಮ ಮನೆಯಲ್ಲಿ ಯಾರಾದರೂ ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಸಾರಿದವರು ನನ್ನ ಸೋದರಮಾವ. ಬೇರೆ ಯಾರಾದರೂ ಅಂದಿದ್ದರೆ ಬೇಜಾರಾಗುತ್ತಿತ್ತು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮೊಬೈಲ್ ಅಂಗಡಿಗಳನ್ನೆಲ್ಲ ಹತ್ತಿಳಿದು, ಇದ್ದಬದ್ದ ಫೋನುಗಳ ಸ್ಕ್ರೀನನ್ನೆಲ್ಲ ಪರೀಕ್ಷೆ ಮಾಡಿ, ಇವತ್ತಿಗೂ ಅವುಗಳಲ್ಲಿ ಒಂದನ್ನೂ ಕೊಳ್ಳದ ಮನುಷ್ಯನ ಮಾತಿಗೆ ಬೇಜಾರು ಮಾಡಿಕೊಳ್ಳುವುದು ಹೇಗೆ, ನೀವೇ ಹೇಳಿ!

ಆ ಮಾತು ಅವರು ಆಡಿದ್ದು ಕೊಣನೂರು ಸಂತೆಯಲ್ಲಿ. ನಾನಾಗ ಹೈಸ್ಕೂಲು. ಅಪ್ಪ ಇಲ್ಲದ ಮನೆ. ಅಮ್ಮ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಅವಳ ತಮ್ಮನಾದ ಈ ಮಾವ, ಹೊಸ ಕೀಪ್ಯಾಡ್ ಫೋನನ್ನು ಅವಳ ಮುಖಕ್ಕೆ ಹಿಡಿದು ನಿಂತಿದ್ದರು.

"ನನ್ ಮಗ್ಳು ಡಿಗ್ರಿ ಮಾಡ್ತಾಳೆ, ನೋಡ್ತಿರು," ಎಂದಳು ಅಮ್ಮ.

"ನಮ್ ವಂಸದಲ್ಲಿ ಡಿಗ್ರಿನಾ? ಕೋಳಿಗೆ ಹಲ್ಲು ಬಂದ್ಮೇಲೆ ನೋಡಾನ ಬುಡಕ್ಕ!"

ಅಮ್ಮ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ನಕ್ಕಳು. ಮಾವನೂ ನಗುತ್ತಲೇ ಗುಂಡಿ ಒತ್ತಿದರು. ಫೋಟೊ ಬಂತು: ಸೊಪ್ಪಿನ ಬುಟ್ಟಿ, ಕಪ್ಪು ಜಡೆ, ಮುಖ ಇರಬೇಕಾದ ಕಡೆ ನಗುವಂಥದ್ದೇನೋ ಒಂದು ಮಸುಕು.

"ಅಳ್ಳಾಡ್ಬುಟ್ಟೆ ಕಣಕ್ಕ ನೀನು!" ಎಂದು ಮಾವ ಬೈದರು.

"ಮುಂದಿನ್ ಸಂತೇಲಿ ಇನ್ನೊಂದ್ ತೆಗ್ದೀಯಂತೆ ಬುಡು."

ಸಂತೆಗಳು ಬಂದವು, ಹೋದವು. ಇನ್ನೊಂದನ್ನು ತೆಗೆಯಲಿಲ್ಲ. ನಾನು ಪಿಯುಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಅಮ್ಮ ಹೋದಳು.

ಆಧಾರ್ ಕಾರ್ಡಿನ ಫೋಟೊ ಇದೆಯಲ್ಲ ಎನ್ನಬೇಡಿ. ಅದರಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ? ಅಮ್ಮ ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಾಳೆ. ನಗುವ ಅಮ್ಮ ಇರುವುದು ಆ ಸಂತೆಯ ಫೋಟೊದಲ್ಲಿ ಮಾತ್ರ. ಅದು ಮಸುಕಾಗಿರುವುದು ಫೋಟೊದ ತಪ್ಪಲ್ಲ, ಫೋನಿನ ಸ್ಕ್ರೀನಿನ ತಪ್ಪು ಎಂಬುದು ಮಾವನ ಸಿದ್ಧಾಂತ. ಒಳ್ಳೆಯ ಸ್ಕ್ರೀನಿಗೆ ಹಾಕಿದರೆ ಅಕ್ಕನ ಮುಖ ಕಂಡೇ ಕಾಣುತ್ತದೆ! ಸರಿ, ಆ ಫೋಟೊ ಇದ್ದ ಮೆಮೊರಿ ಕಾರ್ಡನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಮಾವ ಹೊಗೆಸೊಪ್ಪಿನ ಕೆಲಸದವರು. ಹದ ಮಾಡಿದ ಎಲೆಯನ್ನು ಬಾಗಿಲಾಚೆ ಬೆಳಕಿಗೆ ಹಿಡಿದು, ಬಣ್ಣ ನೋಡಿ ಬೇರೆ ಬೇರೆ ಮಾಡುವುದು ಅವರ ಕಸುಬು. ಫೋನಿಗೂ ಅದೇ ಶಾಸ್ತ್ರ. "ಟೂಬ್‌ಲೈಟಲ್ಲಿ ಬಣ್ಣ ಸುಳ್ಳು ಏಳ್ತದೆ ಕಣಯ್ಯ," ಎಂದು ಅರಕಲಗೂಡಿನ ಅಂಗಡಿಯಿಂದ ಹೊಚ್ಚ ಹೊಸ ಫೋನು ಹಿಡಿದು ರಸ್ತೆಗೆ ಇಳಿದೇಬಿಟ್ಟರು. ಹಿಂದೆ ಅಂಗಡಿಯವನು, "ಯಜಮಾನ್ರೇ! ಯಜಮಾನ್ರೇ!" ಎಂದು ಕೂಗುತ್ತಾ ಓಟ. ಮಾವ ಬಸ್‌ಸ್ಟಾಪಿನ ಬಿಸಿಲಲ್ಲಿ ನಿಂತು, ಫೋನನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, "ಬಿಸ್ಲಲ್ಲಿ ನನ್ ಮುಖವೇ ಕಾಣ್ತದಲ್ಲೋ ಇದ್ರಲ್ಲಿ! ನನ್ ಮುಖ ನೋಡಕ್ಕೆ ಇಲ್ಲೀಗಂಟ ಬರ್ಬೇಕಿತ್ತಾ?" ಎಂದು ವಾಪಸು ಕೊಟ್ಟರು.

ಹೊಳೆನರಸೀಪುರದಲ್ಲಿ ಇನ್ನೊಂದು ಕಥೆ. ಅಲ್ಲಿನ ಹುಡುಗ "ಆರೂಮುಕ್ಕಾಲು ಇಂಚು ಡಿಸ್‌ಪ್ಲೇ ಸಾ," ಎಂದ. ಮಾವ ಜೇಬಿನಿಂದ ದರ್ಜಿಯ ಟೇಪು ತೆಗೆದರು! ಅಡ್ಡ ಅಳೆದರು, ಉದ್ದ ಅಳೆದರು. "ಎಲ್ಲೈತೋ ಆರೂಮುಕ್ಕಾಲು?"

"ಮೂಲೆಯಿಂದ ಮೂಲೆಗೆ ಅಳೀಬೇಕು ಸಾ."

"ಓಹೋ! ನಾಳೆ ನನ್ ಹೊಲಾನೂ ಮೂಲೆಯಿಂದ ಮೂಲೆಗೆ ಅಳ್ದು ಮಾರ್ತೀನಿ, ತಗತೀಯೇನ್ಲಾ?"

ಅಂಗಡಿಯವರೆಲ್ಲ ನಕ್ಕರು. ಜೊತೆಗಿದ್ದ ನಾನೂ ನಕ್ಕೆ. ಆಮೇಲೆ ಆ ಫೋನಿನಲ್ಲಿ ಫೋಟೊ ತೆರೆದರು. ಸ್ಕ್ರೀನು ದೊಡ್ಡದು, ಮಸುಕೂ ದೊಡ್ಡದಾಗಿತ್ತು. ಮಾವ ಟೇಪು ಸುತ್ತಿ ಜೇಬಿಗಿಟ್ಟುಕೊಂಡು ಊರಿನ ಬಸ್ಸು ಹತ್ತಿದರು.

ಚನ್ನರಾಯಪಟ್ಟಣದಲ್ಲಿ ಮಾತ್ರ ಗೆದ್ದೆವು ಅಂದುಕೊಂಡೆವು. ಅಲ್ಲಿನ ಅಂಗಡಿಯವರು ಎರಡು ಫೋನು ಪಕ್ಕಪಕ್ಕ ಇಟ್ಟು ತಾಳ್ಮೆಯಿಂದ ತಿಳಿಸಿದರು: ಎಲ್‌ಸಿಡಿಯಲ್ಲಿ ಹಿಂದೆ ಯಾವಾಗಲೂ ದೀಪ ಉರಿಯುತ್ತಿರುತ್ತದೆ, ಅದಕ್ಕೇ ಕಪ್ಪು ಕೊಂಚ ಬೂದಿಯಾಗಿ ಕಾಣುತ್ತದೆ; ಅಮೋಲೆಡ್‌ನಲ್ಲಿ ಕಪ್ಪಿರುವ ಕಡೆ ಬೆಳಕೇ ಆರಿಹೋಗುತ್ತದೆ. ಎರಡರಲ್ಲೂ ಅಮ್ಮನನ್ನು ತೆರೆದರು.

"ನೋಡವ್ವ! ಜಡೆ ನೋಡು!" ಮಾವ ಹೆಚ್ಚುಕಡಿಮೆ ಕಿರುಚಿದರು. "ಆ ಫೋನಲ್ಲಿ ಅಕ್ಕಂಗೆ ನರೆ ಬಂದಂಗೈತೆ. ಇದ್ರಲ್ಲಿ ಕಪ್ಗೆ ಅಂಗೇ ಅದೆ. ಅಕ್ಕಂಗೆಲ್ಲಿ ನರೆ ಬಂದಿತ್ತು?"

ನರೆ ಬರುವಷ್ಟು ದಿನ ಅವಳು ಎಲ್ಲಿ ಇದ್ದಳು? ಜಡೆ ಬಂತು. ಮುಖ ಬರಲಿಲ್ಲ. "ಅಳ್ಳಾಡ್ಬುಟ್ಟವ್ಳೆ," ಎಂದು ಮಾವ ಮೆಲ್ಲಗೆ ಗೊಣಗಿ, ಅಂಗಡಿಯವರಿಗೆ ಕೈಮುಗಿದು ಹೊರಬಂದರು.

ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದೆ. ಬೆಳಿಗ್ಗೆ ಕಾಲೇಜು, ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ನಿಂತುಕೊಂಡೇ ಕೆಲಸ. ಊರಿಗೆ ಹೋದಾಗಲೆಲ್ಲ "ಓದಿ ಏನ್ ಕಿಸೀತೀಯ" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಒಂದು ಪೇಪರು ಹೋಯಿತು. ಮತ್ತೆ ಕಟ್ಟಿ ಬರೆದೆ. ಆಗದು ಎಂದಿದ್ದ ಮಾವ ಮಾತ್ರ ಒಮ್ಮೆಯೂ ಬಿಡು ಎನ್ನಲಿಲ್ಲ. ಹಾಸ್ಟೆಲಿಗೆ ರಾಗಿಹಿಟ್ಟು, ಚಟ್ನಿಪುಡಿ ತರುವರು. ತಂದವರು ನನ್ನನ್ನೂ ಎಳೆದುಕೊಂಡು ಅಂಗಡಿ ಸುತ್ತುವರು. ಒಂದು ದಿನ ಅತ್ಯಂತ ಹೆಚ್ಚು ರೆಸಲ್ಯೂಷನ್ನಿನ ಫೋನಿನಲ್ಲೂ ಮಸುಕು ಮಸುಕಾಗಿಯೇ ಉಳಿದಾಗ ನನಗೆ ತಡೆಯಲಾಗಲಿಲ್ಲ.

"ಮಾವ, ರೆಸಲ್ಯೂಷನ್ ಅಂದ್ರೆ ಸ್ಕ್ರೀನಲ್ಲಿರೋ ಚುಕ್ಕಿ. ಇದ್ರಲ್ಲಿ ಲಕ್ಷಾಂತರ ಚುಕ್ಕಿ ಇದಾವೆ. ಆದ್ರೆ ಆ ಫೋಟೊದಲ್ಲೇ ಚುಕ್ಕಿ ಕಮ್ಮಿ, ಅದೂ ಕಲಸೋಗವೆ. ಅದ್ರಲ್ಲಿಲ್ದೇ ಇರೋದ್ನ ಯಾವ ಸ್ಕ್ರೀನು ತೋರ್ಸಕ್ಕಾಗುತ್ತೆ?"

"ಚುಕ್ಕಿ ಜಾಸ್ತಿ ಇಟ್ರೆ ರಂಗೋಲಿ ಚೆಂದಾಗಿ ಬರಲ್ವೇನವ್ವ?"

ರಂಗೋಲಿ ಹಾಕುವ ಕೈಯೇ ಇಲ್ಲವಲ್ಲ ಮಾವ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಾನು ಪಾಸಾದೆ. ನಮ್ಮ ವಂಶದಲ್ಲಿ ಮೊದಲನೆಯವಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸರ್ಟಿಫಿಕೇಟು ಕೈಗೆ ಬಂದ ದಿನ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಕಾಲೇಜಿನ ಗೇಟಿನಲ್ಲಿ ಕಾದಿದ್ದರು. ಕೊಟ್ಟೆ. ಅವರು ಓದುವ ಬದಲು ಏನು ಮಾಡಿದರು ಹೇಳಿ ನೋಡೋಣ? ಮರದ ನೆರಳಿನಿಂದ ಬಿಸಿಲಿಗೆ ಇಳಿದರು! ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು.

"ಬಿಸ್ಲಲ್ಲೂ ಚೆಂದಾಗಿ ಕಾಣ್ತದೆ," ಎಂದು ಪಾಸು ಮಾಡಿದರು.

ಆಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ನನ್ನ ಹೆಸರು ದಾಟಿತು. ಅದರ ಕೆಳಗೆ ತಾಯಿಯ ಹೆಸರು ಎಂದಿದ್ದಲ್ಲಿ ಬೆರಳು ನಿಂತಿತು. ಅಚ್ಚ ಕಪ್ಪು ಅಕ್ಷರದಲ್ಲಿ ಅಮ್ಮ. ಮಾವ ಎರಡು ಬೆರಳನ್ನು ಆ ಹೆಸರಿನ ಮೇಲಿಟ್ಟು, ಅಂಗಡಿಯ ಫೋನುಗಳಲ್ಲಿ ಮಾಡುತ್ತಿದ್ದ ಹಾಗೆ, ದೊಡ್ಡದು ಮಾಡಲು ಅಗಲಿಸಿದರು. ಕಾಗದ ಅಲ್ಲವೇ, ಹೆಸರು ಇದ್ದಷ್ಟೇ ಇತ್ತು. ನನಗೆ ನಗು ಬಂತು. ಅವರ ಮುಖ ನೋಡಿದೆ, ನಗು ಹೋಯಿತು.

ಮಾವ ಸರ್ಟಿಫಿಕೇಟನ್ನು ನನ್ನ ಕೈಗಿಟ್ಟರು.

"ಅವತ್ತು ಅಳ್ಳಾಡಿದ್ದು ನನ್ ಕೈ ಕಣವ್ವ," ಎಂದರು. "ಅಕ್ಕ ನೆಟ್ಟಗೇ ನಿಂತಿದ್ಲು."